ನೆಲ ಅಲುಗಿದ ದಿನ ಒಳಗೆ ಓಡಿದವರು

ನಮ್ಮ ಅಡುಗೆಮನೆಯ ಕಪಾಟಿನ ಕೆಳಗೆ, ಸಾಲಾಗಿ ಬಡಿದ ಹಿತ್ತಾಳೆಯ ಕೊಕ್ಕೆಗಳಲ್ಲಿ, ಪಿಂಗಾಣಿಯ ಕಪ್ಪುಗಳು ತೂಗುತ್ತಿರುತ್ತವೆ. ಗುಲಾಬಿ ಬಳ್ಳಿಯ ಅಂಚಿನವು. ಒಂದಕ್ಕೂ ಈಗ ಜೊತೆಯ ಸಾಸರು ಉಳಿದಿಲ್ಲ. ಆದರೂ ಬೆಳಗಿನ ಚಹಕ್ಕೆ ಸ್ಟೀಲಿನ ಲೋಟ ಮುಟ್ಟಲೊಲ್ಲದ ನನ್ನ ಹಳೆಯ ಕಾನ್ವೆಂಟ್ ಜಂಬವನ್ನು ಈ ಇಳಿವಯಸ್ಸಿನಲ್ಲೂ ಸಲಹುತ್ತಿರುವವು ಅವೇ. ಕಾರವಾರದ ಕೋಡಿಬಾಗದ ಈ ಮನೆಯಲ್ಲಿ ಅವು ಗಾಳಿಗೆ ಅಲುಗಿದ್ದನ್ನು ನಾನು ಕಂಡವಳಲ್ಲ. ಕಡಲಗಾಳಿ ಪಡುವಣದ ಕಿಟಕಿಯಿಂದ ಹೊಕ್ಕು, ಗೋಡೆಯ ಕ್ಯಾಲೆಂಡರನ್ನು ಪಟಪಟಿಸಿ, ಹೇಳದೆ ಕೇಳದೆ ಹಿತ್ತಿಲ ಬಾಗಿಲಿಂದ ಹೊರಟುಹೋಗುತ್ತದೆಯೇ ಹೊರತು ಕಪ್ಪುಗಳ ತಂಟೆಗೆ ಬರುವುದಿಲ್ಲ. ಹಾಗಿರುವಾಗ, ಮಳೆ ಹಿಂದೆಗೆದು ಬಿಸಿಲು ಹದಕ್ಕೆ ಬಂದ ಒಂದು ಮುಂಜಾನೆ ಅವೆಲ್ಲವೂ ಒಟ್ಟಿಗೆ, ಒಂದೇ ಲಯದಲ್ಲಿ, ಅಸೆಂಬ್ಲಿಯಲ್ಲಿ ನಿಂತ ಹುಡುಗಿಯರು ಮದರ್ ಸುಪೀರಿಯರ್ ಬಂದಾಗ ಮೈಬಾಗಿಸುವಂತೆ, ತೂಗತೊಡಗಿದವು.

ನಾನು ಸೌಟು ಹಿಡಿದವಳು ಹಿಡಿದಂತೆಯೇ ನೋಡುತ್ತ ನಿಂತೆ. ಕಾರವಾರದವರಿಗೆ ನೆಲ ಅಲುಗಿದರೆ ಭೂಕಂಪವೆಂಬ ಮಾತು ಮೊದಲಿಗೆ ಹೊಳೆಯುವುದೇ ಇಲ್ಲ. ಹೈವೇ ಅಗಲಿಸುವವರು ಎಲ್ಲೋ ಗುಡ್ಡಕ್ಕೆ ಮದ್ದಿಟ್ಟಿರಬೇಕು. ನೌಕಾನೆಲೆಯ ಕಡೆ ಏನೋ ಕಟ್ಟುತ್ತಿರಬೇಕು. ಗೂಡ್ಸ್ ಗಾಡಿ ಸುರಂಗ ದಾಟುತ್ತಿರಬೇಕು. ಇದಾವುದೂ ಅಲ್ಲವಾದರೆ ನನಗೇ ಬಿ.ಪಿ. ಏರಿರಬೇಕು. ಇಷ್ಟು ಅನುಮಾನಗಳನ್ನು ನಾನು ಸಾವಕಾಶವಾಗಿ ಒಂದೊಂದಾಗಿ ಪರಿಶೀಲಿಸಿ ಮುಗಿಸುವಷ್ಟರಲ್ಲಿ ಕಪ್ಪುಗಳು ಸುಮ್ಮನಾದವು. ಭೂಗೋಳ ಕಲಿಸಿ ನಿವೃತ್ತಳಾದವಳ ಭೂಕಂಪದ ಅನುಭವ ಇಷ್ಟೇ: ಅದು ನಡೆಯುವಾಗ ನಾನು ಯೋಚಿಸುತ್ತಿದ್ದೆ.

ಸುದ್ದಿಯನ್ನು ಸುದ್ದಿಯೆಂದು ಖಚಿತಪಡಿಸಿದವಳು ಮೀನು ಮಾರುವ ದುರ್ಗಿ. ಗೇಟಿನ ಹೊರಗೆ ಬುಟ್ಟಿ ಇಳಿಸಿ ಕೂಗಿದಳು.

“ಅಕ್ಕೋರೇ, ನಿಮ್ಮನೇಲೂ ಅಲುಗ್ತಾ? ಪೇಟೇಲಿ ಎಲ್ಲಾರೂ ರಸ್ತೆಗೆ ಬಂದು ನಿಂತಾರೆ. ನನ್ ಬುಟ್ಟೀಲಿದ್ದ ಬಾಂಗ್ಡೆ ಮಾತ್ರ ಜಪ್ಪಯ್ಯ ಅನ್ಲಿಲ್ಲ ನೋಡಿ. ಸತ್ತವಕ್ಕೆ ಇನ್ಯಾವ ಹೆದ್ರಿಕೆ!”

ಅವಳ ನಗುವಿನಲ್ಲಿ ಪಾಲು ಪಡೆದು, ಬಾಂಗಡೆ ಆರಿಸಿಕೊಂಡು, ಇಷ್ಟಕ್ಕೇ ಮುಗಿಯಿತೆಂದು ನಾನು ಅಂದುಕೊಂಡಿದ್ದೆ. ಆದರೆ ಮಧ್ಯಾಹ್ನಕ್ಕೆ ತಂಗಿ ಸುಮತಿಯ ಫೋನು ಬಂತು. ಅವಳನ್ನು ಕೊಟ್ಟಿರುವುದು ಕಾಳಿ ನದಿಯ ದಂಡೆಗುಂಟ ಮೇಲಕ್ಕೆ, ಕದ್ರಾ ಅಣೆಕಟ್ಟಿನ ಆಸುಪಾಸಿನ ಒಂದು ಸಣ್ಣ ಊರಿಗೆ. ಅಲ್ಲಿಂದ ಇನ್ನಷ್ಟು ಒಳಗೆ, ಕಾಡಿನ ನಡುವೆ, ಅಣುಸ್ಥಾವರವಿದೆ. ಅವಳ ಸೊಸೆ ರೇಖಾ ಆ ಊರಿನ ಅಂಗನವಾಡಿಯ ಅಕ್ಕೋರು. ನಮ್ಮ ಜಿಲ್ಲೆಯಲ್ಲಿ ಕಲಿಸುವ ಹೆಂಗಸು ಯಾರೇ ಆಗಲಿ, ಹೈಸ್ಕೂಲಿನಲ್ಲಿ ಕೂದಲು ನರೆಸಿಕೊಂಡ ನನ್ನಂಥವಳಾಗಲಿ, ಮೂಗು ಸೋರುವ ಪುಟಾಣಿಗಳಿಗೆ ಅ ಆ ತಿದ್ದಿಸುವ ಅವಳಾಗಲಿ, ಅಕ್ಕೋರೇ. ಅಷ್ಟರಮಟ್ಟಿಗೆ ನಮ್ಮದು ಒಂದೇ ಕುಲ.

“ಅಕ್ಕಾ, ಮಕ್ಕಳಿಗೆಲ್ಲ ಏನೂ ಆಗ್ಲಿಲ್ಲ,” ಎಂದೇ ಸುಮತಿ ಮಾತು ಶುರುಮಾಡಿದಳು. ಹಾಗೆ ಶುರುವಾದ ಮಾತಿನ ಬಾಲದಲ್ಲಿ ಏನೋ ಆಗಿರುತ್ತದೆಂದು ಯಾರಿಗೆ ತಿಳಿಯುವುದಿಲ್ಲ? ನಾನು ಕುರ್ಚಿ ಎಳೆದುಕೊಂಡು ಕೂತೆ.

ಆಗಿದ್ದು ಇಷ್ಟು. ನೆಲ ಅಲುಗಿದಾಗ ಅಂಗನವಾಡಿಯ ಮಕ್ಕಳೆಲ್ಲ ಅಂಗಳದಲ್ಲಿ ಆಡುತ್ತಿದ್ದರು, ತೆರೆದ ಆಕಾಶದ ಕೆಳಗೆ, ಮರದಿಂದಲೂ ಮಾಡಿನಿಂದಲೂ ದೂರ. ಭೂಕಂಪದ ಹೊತ್ತಿನಲ್ಲಿ ಮಕ್ಕಳನ್ನು ಎಲ್ಲಿಡಬೇಕೆಂದು ಯಾವ ಪುಸ್ತಕವನ್ನು ಕೇಳಿದರೂ ಅದೇ ಜಾಗವನ್ನು ತೋರಿಸೀತು. ರೇಖಾ ಏನು ಮಾಡಿದಳೆಂದರೆ, ಕೋಳಿ ಮರಿಗಳನ್ನು ಬಳಿದುಕೊಳ್ಳುವಂತೆ ಅಷ್ಟೂ ಮಕ್ಕಳನ್ನು ಬಳಿದುಕೊಂಡು ಹಳೆಯ ಹಂಚಿನ ಕಟ್ಟಡದೊಳಕ್ಕೆ ಓಡಿದಳು, ಬಾಗಿಲು ಹಾಕಿದಳು, ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ ಚಿಲಕ ಸಿಕ್ಕಿಸಿದಳು, ಕೊಡದ ನೀರಿನಲ್ಲಿ ಕರವಸ್ತ್ರ ಅದ್ದಿ ಪ್ರತಿಯೊಂದು ಮೂಗಿಗೂ ಹಿಡಿಸಿದಳು. ಹೊರಗೆ ಕಾಳಿ ತನ್ನ ಪಾಡಿಗೆ ಹರಿಯುತ್ತಿತ್ತು. ಒಳಗೆ, ನೆಲ ಇನ್ನೊಮ್ಮೆ ನಡುಗಿದಾಗ, ಚೀರೆಕಲ್ಲಿನ ಗೋಡೆ ಕಿಟಕಿಯ ಮೂಲೆಯಿಂದ ಮಾಡಿನವರೆಗೆ ಓರೆಯಾಗಿ ಸೀಳಿತು, ಹಂಚುಗಳು ಜಾರಿ ಅಕ್ಕಿ ಮೂಟೆಗಳ ಮೇಲೆ ಬಿದ್ದು ಒಡೆದವು. ಮಕ್ಕಳು ಇನ್ನೊಂದು ಮೂಲೆಯಲ್ಲಿ ಕೂತಿದ್ದವು. ದೇವರು ದೊಡ್ಡವನು ಎಂದು ನಾವು ಹೇಳುವುದು ಇಂಥ ಇನ್ನೊಂದು ಮೂಲೆಗಳನ್ನು ಕಂಡೇ.

ನೀವು ಈಗ, ಅವಳಿಗೇನು ತಲೆ ಕೆಟ್ಟಿತ್ತೇ ಎಂದು ಕೇಳುವಿರಿ. ನಾನೂ ಕೇಳಿದೆ. ಸುಮತಿಯ ಉತ್ತರ ನನ್ನನ್ನು ಬಹಳ ದಿನ ಕಾಡಿತು. “ಅವಳೊಬ್ಳೇ ಎಂತಕ್ಕೆ, ಅಕ್ಕಾ? ಊರಿಗೆ ಊರೇ ಒಳಗೆ ಓಡ್ತು. ಗದ್ದೇಲಿದ್ದವ್ರೂ ಓಡಿ ಬಂದು ಮನೆ ಹೊಕ್ಕು ಬಾಗ್ಲು ಹಾಕಂಡ್ರು. ನಾನೂ ಹಾಕಂಡೆ. ಫ್ಯಾನ್ ಸೈತ ಬಂದ್ ಮಾಡ್ದೆ.”

ಇದು ಅವರಿಗಲ್ಲದೆ ಇನ್ನಾರಿಗೂ ಒದಗದ ತಪ್ಪು. ಸ್ಥಾವರದ ಸುತ್ತಲಿನ ಊರುಗಳಲ್ಲಿ ತಾಲೂಕಿನವರೂ ಸ್ಥಾವರದವರೂ ಸೇರಿ ಆಗಾಗ ಅಣಕು ಕವಾಯತು ನಡೆಸುತ್ತಾರೆ. ಜನ ಅದನ್ನು ಮಾಕ್ ಡ್ರಿಲ್ ಎಂದೇ ಕರೆಯುವುದು. ಸೈರನ್ ಕೂಗುತ್ತದೆ, ಕಿತ್ತಳೆ ಬಣ್ಣದ ಜಾಕೀಟಿನವರು ಜೀಪಿನಲ್ಲಿ ಮೈಕು ಹಿಡಿದು ಬರುತ್ತಾರೆ: ಎಲ್ಲರೂ ಒಳಗೆ ಹೋಗಿ, ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಒದ್ದೆ ಬಟ್ಟೆ ಮೂಗಿಗೆ ಹಿಡಿಯಿರಿ, ಬಾವಿ ಮುಚ್ಚಿ, ನಾವು ಹೇಳುವವರೆಗೆ ಹೊರಗೆ ಬರಬೇಡಿ. ಗಾಳಿಯಲ್ಲಿ ವಿಷ ತೇಲಿ ಬಂದರೆ ಮನೆಯ ಗೋಡೆಯೇ ರಕ್ಷೆ ಎಂಬುದು ಅದರ ತಾತ್ಪರ್ಯ, ಮತ್ತು ಅದು ಸರಿಯಾದ ತಾತ್ಪರ್ಯವೇ. ಇಷ್ಟು ವರ್ಷಗಳ ಕವಾಯತಿನಲ್ಲಿ ಊರಿನ ಮೈಗೆ ಒಂದೇ ಪಾಠ ಇಳಿದಿತ್ತು: ಸ್ಥಾವರದ ಕಡೆಯಿಂದ ಏನೇ ಬರಲಿ, ಒಳಗೆ ಹೋಗು. ನೆಲ ಅಲುಗಿದ ಗಳಿಗೆ ಅವರಲ್ಲಿ ಯಾರಿಗೂ ‘ಭೂಕಂಪ’ ಎಂಬ ಮಾತು ಹೊಳೆಯಲಿಲ್ಲ, ನನಗೆ ಹೊಳೆಯದಂತೆಯೇ. ನನಗೆ ಹೈವೇ ನೆನಪಾಯಿತು, ಅವರಿಗೆ ಸ್ಥಾವರ ನೆನಪಾಯಿತು. ನಾನು ನಿಂತಲ್ಲೇ ನಿಂತೆ, ಅವರು ಕಲಿತದ್ದನ್ನು ಮಾಡಿದರು. ಇದರಲ್ಲಿ ದಡ್ಡರು ಯಾರೆಂದು ಹೇಳಲು ನಾನು ಅವಸರಪಡಲಾರೆ.

ಅದೂ ಅಲ್ಲದೆ ಆ ಊರಿನವರು ಎಷ್ಟು ಬಗೆಯ ಅಪಾಯಗಳಿಗೆ ಶಿಷ್ಯರಾಗಬೇಕು ನೋಡಿ! ಮಳೆಗಾಲದಲ್ಲಿ ಅಣೆಕಟ್ಟಿನ ಗೇಟು ತೆಗೆಯುವ ಮುನ್ನ ಒಂದು ಸೈರನ್ ಕೂಗುತ್ತದೆ; ಅದಕ್ಕೆ ದಂಡೆ ಬಿಟ್ಟು ಮೇಲಕ್ಕೆ ಏರಬೇಕು. ಸ್ಥಾವರದ ಸೈರನ್ ಕೂಗಿದರೆ ಒಳಗೆ ಸೇರಬೇಕು. ನೆಲ ನಡುಗಿದರೆ, ಯಾವ ಸೈರನ್ನೂ ಇಲ್ಲದೆ, ಹೊರಗೆ ಬರಬೇಕು. ಮೇಲೆ, ಒಳಗೆ, ಹೊರಗೆ! ನಾವು ಕಾರವಾರದವರು ಸಂಜೆ ಬೀಚಿನಲ್ಲಿ ಚುರುಮುರಿ ಮೆಲ್ಲುತ್ತ ಆ ಸ್ಥಾವರದ ವಿದ್ಯುತ್ತಿನ ಬೆಳಕಿನಲ್ಲಿ ವಾಕಿಂಗ್ ಮಾಡುವಾಗ, ಆ ಬೆಳಕಿನ ನೆರೆಮನೆಯವರು ಇಷ್ಟು ದಿಕ್ಕುಗಳನ್ನು ತಲೆಯಲ್ಲಿಟ್ಟುಕೊಂಡು ಮಲಗುತ್ತಾರೆಂಬುದನ್ನು ಯಾವತ್ತಾದರೂ ನೆನೆದಿದ್ದೇವೆಯೇ?

ಮುಂದಿನ ವಾರವೆಲ್ಲ ಮಾತು ಬೇರೆ ಗೋಡೆಯದೇ ಆಯಿತು. ಸ್ಥಾವರದ ಗುಮ್ಮಟ ಬಿರುಕು ಬಿಟ್ಟಿದೆಯೆಂದು ಮೊಬೈಲುಗಳಲ್ಲಿ ಒಂದು ಚಿತ್ರ ಓಡಾಡಿತು. ಅದು ಯಾವುದೋ ದೇಶದ ಯಾವುದೋ ನೀರಿನ ಟಾಕಿಯ ಚಿತ್ರವೆಂದು ಆಮೇಲೆ ಗೊತ್ತಾಯಿತಾದರೂ, ಅಷ್ಟರೊಳಗೆ ಮಾರ್ಕೆಟಿನಲ್ಲಿ ನದಿಯ ಮೀನು ಕೇಳುವವರಿಲ್ಲವಾದರು. ಕಾಳಿಯ ಚಿಪ್ಪುಮೀನಾದ ತಿಸ್ರೆಯನ್ನು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಿದ್ದವರೇ ಬುಟ್ಟಿ ದಾಟಿ ಹೋಗುವಾಗ ಸೆರಗು ಎಳೆದುಕೊಂಡರು. ದುರ್ಗಿ ನನ್ನ ಗೇಟಿನಲ್ಲಿ ಬಂದು, “ಸಮುದ್ರದ್ದು ಅಕ್ಕೋರೇ, ದೇವ್ರಾಣೆ ಸಮುದ್ರದ್ದು. ನೊಗ್ಲಿ ಮೀನಿನ್ ಮೈಮೇಲೆ ಎಂತ ಊರಿನ ಹೆಸ್ರು ಬರ್ದಿರ್ತದ್ಯಾ?” ಎಂದು ಅಳುನಗು ನಕ್ಕಳು. ಸ್ಥಾವರದವರು ಏನೂ ಆಗಿಲ್ಲವೆಂದರು. ಏನೂ ಆಗಿಲ್ಲವೆಂಬ ಮಾತಿಗೆ ನಮ್ಮ ದೇಶದಲ್ಲಿ ಬೆಲೆ ಕಡಿಮೆ. ಅದನ್ನು ಎಲ್ಲರೂ ಎಲ್ಲದಕ್ಕೂ ಹೇಳಿ ಹೇಳಿ ಸವೆಸಿದ್ದಾರೆ. ನಾನು ಮಾತ್ರ ನೊಗಲಿ ಕೊಂಡೆ, ಕರಿದು ತಿಂದೆ. ಅಣುಶಕ್ತಿಯನ್ನು ನಾನು ಪೂಜಿಸಿದವಳೂ ಅಲ್ಲ, ಮೆರವಣಿಗೆಯಲ್ಲಿ ಫಲಕ ಹಿಡಿದವಳೂ ಅಲ್ಲ. ಪಕ್ಕದ ಮನೆಯ ದೊಡ್ಡ ನಾಯಿಯೊಂದಿಗೆ ಬಾಳುವಂತೆ ಅದರೊಂದಿಗೆ ಬಾಳಿದವಳು. ಸರಪಳಿ ಗಟ್ಟಿಯಿದೆಯೇ ಎಂದು ಕೇಳುತ್ತಿರುವುದು ನನ್ನ ಹಕ್ಕು, ತೋರಿಸುವುದು ಅವರ ಧರ್ಮ.

ಆದರೆ ಸುಮತಿಯ ಎರಡನೆಯ ಫೋನು ಗುಮ್ಮಟದ ಬಗೆಗಿರಲಿಲ್ಲ. “ರೇಖಾ ಕೆಲ್ಸ ಬಿಡ್ತೆ ಅಂತಾಳೆ. ಮಕ್ಕಳ್ನ ಯಾರೂ ಕಳಿಸ್ತಾ ಇಲ್ಲ. ನೀ ಒಂದ್ಸಲ ಬಾ, ಅಕ್ಕಾ.”

ಹೋದೆ. ಬಸ್ಸು ಕಾಳಿಯ ಬದಿಗೇ ಮೇಲೇರುತ್ತ ಹೋದಂತೆ ಹೊಳೆ ಕಿರಿದಾಗುತ್ತದೆ, ಗುಡ್ಡಗಳು ಹತ್ತಿರ ಬಂದು ಬಗ್ಗಿ ನೋಡುತ್ತವೆ. ಸುಮತಿಯ ಮನೆಯಲ್ಲಿ ರೇಖಾ ಗಂಜಿಯ ತಟ್ಟೆಯೆದುರು ಕೂತಿದ್ದಳು, ಉಣ್ಣುತ್ತಿರಲಿಲ್ಲ. ಸದಾ ಕಡ್ಡಿ ಮುರಿದಂತೆ ಮಾತಾಡುವ ಹುಡುಗಿ ಅವಳು. ಆ ದಿನ ಅಂಗನವಾಡಿಯ ಕೀಲಿಕೈಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಳ್ಳುತ್ತಿದ್ದಳು.

“ಮಾವಶಿ, ನೀರಿಗೆ ಹೋದ್ರೆ ‘ಬಾಗ್ಲು ಹಾಕೂ ಅಕ್ಕೋರು ಬಂದ್ರು, ಕೊಡ ಮುಚ್ಕಳ್ರೇ’ ಅಂತ ನಗ್ತ್ರು,” ಎಂದಳು. “ನಗ್ಲಿ. ಅದು ಬೇಜಾರಿಲ್ಲ. ರಾತ್ರಿ ಕಣ್ ಮುಚ್ಚಿದ್ರೆ ಆ ಹಂಚು ಬೀಳೂ ಸಪ್ಪಳ. ಮಕ್ಕಳು ಆ ಬದಿಗೆ ಕೂತಿದ್ರೆ?”

“ಕೂತಿರಲಿಲ್ಲವಲ್ಲ.”

“ನಾ ಕೂರಿಸಿದ್ದಲ್ಲ ಮಾವಶಿ. ಅವೇ ಕೂತದ್ದು.”

ಸುಳ್ಳು ಸಮಾಧಾನ ಹೇಳುವ ವಯಸ್ಸನ್ನು ನಾನು ದಾಟಿದ್ದೇನೆ. ಅವಳೊಂದಿಗೆ ಆ ಕಟ್ಟಡವನ್ನು ನೋಡಿಬಂದೆ. ಸೀಳಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಅದರ ಪಕ್ಕದಲ್ಲೇ, ಬಣ್ಣ ಇನ್ನೂ ಮಾಸದ ಒಂದು ಫಲಕ: ‘ತುರ್ತು ಪರಿಸ್ಥಿತಿಯ ಆಶ್ರಯ ತಾಣ’. ಸೈರನ್ ಕೂಗಿದರೆ ಹೊಲದಲ್ಲಿದ್ದವರು, ದಾರಿಹೋಕರು, ಎಲ್ಲರೂ ಬಂದು ಸೇರಬೇಕಾದ ಜಾಗ ಅದು. ಕಾಡಿನೊಳಗಿನ ಗುಮ್ಮಟದ ಗೋಡೆಯ ಬಗ್ಗೆ ಜಿಲ್ಲೆಯೇ ನಿದ್ದೆಗೆಟ್ಟಿತ್ತು. ಈ ಗೋಡೆಯ ಮೇಲೆ ಒಂದು ಹಲ್ಲಿ ಕೂತು ನಿಶ್ಚಿಂತೆಯಿಂದ ನಮ್ಮನ್ನು ನೋಡುತ್ತಿತ್ತು.

ಒಳಗು ಮತ್ತು ಹೊರಗು ಎಂಬ ಎರಡು ಮಾತುಗಳನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ಒಳಗೆಂದರೆ ಕ್ಷೇಮ, ಹೊರಗೆಂದರೆ ಭಯ. ಹೆಣ್ಣುಮಕ್ಕಳಿಗಂತೂ ತೊಟ್ಟಿಲಲ್ಲೇ ಈ ಪಾಠ. ನನಗೆ ಹಾಗಲ್ಲವೆಂದು ಮೊದಲು ಕಲಿಸಿದವನು ಅಪ್ಪ. ಅಂಕೋಲೆಯ ಬೇಲೆಕೇರಿಯಲ್ಲಿ ನಮ್ಮ ದೋಣಿ ಇತ್ತು. ಕಡಲು ಏಕಾಏಕಿ ಅಬ್ಬರಿಸಿದ ದಿನ, ದೂರದಲ್ಲಿ ಅಪ್ಪನ ದೋಣಿ ಕಡ್ಡಿಯಂತೆ ಕಾಣುತ್ತಿತ್ತು. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ತೆರೆಗಳು ಗೋಡೆಗಳಂತೆ ಎದ್ದು ಮುರಿಯುತ್ತಿದ್ದವು. ದಂಡೆಯಲ್ಲಿ ಅವ್ವ ಸೆರಗು ಬೀಸಿ, “ಬನ್ನಿ, ಒಳಗೆ ಬನ್ನಿ” ಎಂದು ಗಂಟಲು ಹರಿಯುವಂತೆ ಕರೆದಳು. ಅಪ್ಪ ಬರಲಿಲ್ಲ. ಇಡೀ ಮಧ್ಯಾಹ್ನ ಅಲ್ಲೇ, ಆಳ ನೀರಿನಲ್ಲಿ, ಏರುತ್ತ ಇಳಿಯುತ್ತ ಇದ್ದ. ಸಂಜೆ ಅಳಿವೆ ತಣಿದ ಮೇಲೆ ಬಂದವನಿಗೆ ಅವ್ವ, “ಕಣ್ಣೆದ್ರು ಇದ್ಕಂಡೂ ಬರ್ಲಿಲ್ಲ, ನನ್ ಹೊಟ್ಟೆ ಎಷ್ಟು ಉರೀತು ಗೊತ್ತದ್ಯಾ?” ಎಂದು ಹರಿಹಾಯ್ದಳು. ಅಪ್ಪ ಬಲೆ ಕೊಡವುತ್ತ, “ಆಗ ಬಂದಿದ್ರೆ ಹೊಟ್ಟೆ ಉರ್ಕಳೂಕೆ ನೀ ಒಬ್ಳೇ ಉಳೀತಿದ್ದೆ,” ಎಂದ. ಅವ್ವನ ಕರೆ ಪ್ರೀತಿಯದು. ಆದರೆ ಕರೆದ ಕಡೆಗೆ ಹೋಗುವ ದಾರಿಯಲ್ಲೇ ಸಾವು ಬಾಯಿ ತೆರೆದಿತ್ತು.

ಕಾನ್ವೆಂಟಿನಲ್ಲಿ ಇದಕ್ಕೆ ತದ್ವಿರುದ್ಧ ಶಿಸ್ತು. ಸಿಸ್ಟರ್ ಆಗ್ನೆಸ್ ಫೈರ್ ಡ್ರಿಲ್ಲಿನ ಗಂಟೆ ಬಾರಿಸಿದರೆ ನಾವು ಹುಡುಗಿಯರು, “ಡೋಂಟ್ ರನ್, ಗರ್ಲ್ಸ್, ವಾಕ್ ಬ್ರಿಸ್ಕ್ಲಿ” ಎಂಬ ತಾಳಕ್ಕೆ ಹೆಜ್ಜೆ ಹಾಕಿ ಅಂಗಳಕ್ಕೆ ಬಂದು ಸಾಲು ನಿಲ್ಲಬೇಕು. ಒಮ್ಮೆ ಜಡಿಮಳೆಯ ಮಧ್ಯೆ, ಸಿಡಿಲು ಹೊಡೆಯುತ್ತಿರುವಾಗ, ಯಾರೋ ತಪ್ಪಿ ಆ ಗಂಟೆಯನ್ನೇ ಬಾರಿಸಿಬಿಟ್ಟರು. ಇಡೀ ಶಾಲೆ ಬ್ರಿಸ್ಕ್ ಆಗಿ ನಡೆದು ಸಿಡಿಲಿನ ಕೆಳಗೆ ಹೋಗಿ ಬೆನ್ನು ನೆಟ್ಟಗೆ ಮಾಡಿ ನಿಂತಿತು! ನಾವು ನೆನೆದು ತೊಪ್ಪೆಯಾದೆವು. ಸಿಸ್ಟರ್ ಬಿಳಿಚಿದ ಮುಖದಿಂದ ನಮ್ಮನ್ನು ಒಳಗೆ ಅಟ್ಟಿದರು. ವಿಧೇಯತೆಯಲ್ಲಿ ನಮಗೆ ಫುಲ್ ಮಾರ್ಕ್ಸ್. ಕಲಿತದ್ದು ಮೈಗೆ ಇಳಿದಾಗ ಅದು ಬುದ್ಧಿಗಿಂತ ಬೇಗ ಓಡುತ್ತದೆ. ಅದಕ್ಕೇ ಕವಾಯತು ಕಲಿಸುವುದು, ಮತ್ತು ಅದಕ್ಕೇ ಏನು ಕಲಿಸುತ್ತಿದ್ದೇವೆಂದು ಎರಡು ಸಲ ಯೋಚಿಸಬೇಕಾದದ್ದು. ರೇಖಾಳ ಕಾಲುಗಳು ಅವಳಿಗೆ ಮೋಸ ಮಾಡಲಿಲ್ಲ. ಅವು ಕಲಿತಷ್ಟನ್ನು ಚಾಚೂ ತಪ್ಪದೆ ಒಪ್ಪಿಸಿದವು.

ನಾನು ಇದ್ದ ದಿನಗಳಲ್ಲೇ ಊರಿನ ಸಭೆ ಕೂಡಿತು. ಗುಮ್ಮಟದ ವದಂತಿಯನ್ನು ತಿಳಿಗೊಳಿಸಲು ಸ್ಥಾವರದಿಂದ ಒಬ್ಬಳು ಎಂಜಿನಿಯರ್ ಬಂದಳು. ಎಳೆಯ ಹುಡುಗಿ, ಧಾರವಾಡದ ಕಡೆಯವಳು. ಸೀಳಿದ ಕಟ್ಟಡದೊಳಗೆ ಕುರ್ಚಿ ಹಾಕಿದ್ದನ್ನು ಕಂಡವಳೇ ಗೋಡೆ ನೋಡಿ, “ಇಲ್ಲಿ ಬ್ಯಾಡ್ರಿ, ಹೊರಗ ಕೂಡೂಣು,” ಎಂದು ತಾನೇ ಕುರ್ಚಿ ಎತ್ತಿಕೊಂಡು ಮಾವಿನ ಮರದ ಕೆಳಗೆ ನಡೆದಳು. ಅವಳ ಮೇಲೆ ನನಗೆ ಆಗಲೇ ನಂಬಿಕೆ ಬಂತು.

ಗುಮ್ಮಟದ ಪ್ರಶ್ನೆಗಳಿಗೆ ಅವಳು ಮುಚ್ಚುಮರೆಯಿಲ್ಲದೆ ಉತ್ತರಿಸಿದಳು. “ನೆಲ ಎಷ್ಟು ಅಲುಗ್ತು ಅಂತ ಹೇಳೋ ಮೀಟರ್ ಅದಾವ್ರಿ ನಮ್ಮಲ್ಲಿ. ಒಂದು ಮಿತಿ ದಾಟಿದ್ರ ಮಷೀನ್ ನಿಲ್ಲಸ್ತೀವಿ. ಈ ಸಲ ಮಿತಿಯ ಹತ್ರಾನೂ ಬರ್ಲಿಲ್ಲ. ಆದ್ರೂ ಗೋಡಿ ಗೋಡಿ, ಪೈಪ್ ಪೈಪ್ ನೋಡ್ಕೋತ ಹೋಗೇವಿ. ನೋಡೂತನಾ ಯಾರೂ ‘ಏನೂ ಆಗಿಲ್ಲ’ ಅನ್ನಂಗಿಲ್ಲ, ಅದು ನಮ್ಮ ರೂಲ್.”

ಜನ ತಲೆದೂಗಿದರು, ಒಂದಿಬ್ಬರು ತಲೆ ಅಲ್ಲಾಡಿಸಿದರು. ಅಷ್ಟರಲ್ಲಿ ನಾಗವೇಣಿ ಎದ್ದು ನಿಂತಳು. ಆ ದಿನ ಒಳಗಿದ್ದ ಮಕ್ಕಳಲ್ಲಿ ಅವಳ ಮಗಳು ಚಿನ್ನುವೂ ಒಬ್ಬಳು. ಗದ್ದೆ ಕೂಲಿಯ ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಗಂಟಲು.

“ನಿಮ್ಮ ಮಷೀನ್ ಸರಿ ಇರ್ಲಿ, ಮೇಡಮ್ಮಾರೇ, ಬೇಡ ಅನ್ನೂದಿಲ್ಲ. ಇವ್ಳು ನಮ್ ಮಕ್ಕಳ್ನ ಬಯಲಿಂದ ಹಿಡ್ಕಂಡ್ ಹೋಗಿ ಬೀಳೂ ಮನೆ ಒಳಗೆ ಹಾಕಿದ್ಲಲ್ಲ, ಅದ್ಕೆ ಯಾವ ಮೀಟರ್ ಅದೆ?”

ರೇಖಾ ತಲೆಯೆತ್ತಿದಳು. “ನಾಗವೇಣಕ್ಕಾ, ಆವತ್ತು ನೀನೂ ಒಳಗೆ ಹೋಗಿ ಬಾಗ್ಲು ಹಾಕಂಡಿದ್ಯಲ್ಲ?”

ಸಭೆಯಲ್ಲಿ ನಗು ಎದ್ದಿತು. ಬಾಗಿಲು ಹಾಕಿಕೊಳ್ಳದವರು ಅಲ್ಲಿ ಯಾರಿದ್ದರು? ನಾಗವೇಣಿ ಮಾತ್ರ ನಗಲಿಲ್ಲ.

“ಹೌದು. ನಾ ಹಾಕಂಡದ್ದು ನನ್ ಬಾಗ್ಲು.”

ನಗು ಅಲ್ಲೇ ಬತ್ತಿತು. ನನ್ನ ಮನಸ್ಸು ರೇಖಾಳ ಪರ ವಾದಿಸಲು ಮಾತು ಹುಡುಕುತ್ತಿತ್ತು, ಆದರೆ ನಾಗವೇಣಿಯ ಮಾತಿನಲ್ಲಿ ಒಂದು ಬಿರುಕೂ ಇರಲಿಲ್ಲ. ರೇಖಾ ಬೆರಳಿನ ಕೀಲಿಕೈ ಬಿಚ್ಚಿ ಎದುರಿನ ಕುರ್ಚಿಯ ಮೇಲಿಟ್ಟಳು.

“ನೀ ಹೇಳೂದು ಸರಿ ಅದೆ, ಅಕ್ಕಾ. ನನ್ ಬಾಗ್ಲ ಒಳಗೆ ನಿನ್ ಮಗಳಿದ್ಲು. ಮುಂದಿನ ಸಲ ಎಂತ ಮಾಡ್ಬೇಕು ಅಂತ ಯಾರಾದ್ರೂ ಸಮಾ ಹೇಳ್ಲಿ. ಗೊತ್ತಾದ್ರೆ ನಾಳೆನೇ ಅಂಗನವಾಡಿ ತೆಗೀತೆ. ಗೊತ್ತಾಗ್ದೆ ಇದ್ರೆ ಕೀಲಿ ಇಲ್ಲೇ ಇರ್ಲಿ, ನನ್ ಕೈಲಿ ಆಗೂದಿಲ್ಲ.”

ಆಗ ನಾನು ಎದ್ದೆ. ಬಳೆಗಾರ್ತಿಯಂತೆ ಊರವರ ನಡುವೆ ಕೂತಿದ್ದ ಈ ಮುದುಕಿ ಯಾರೆಂದು ಆ ಎಂಜಿನಿಯರ್ ಹುಡುಗಿ ನೋಡುತ್ತಿರುವಾಗ, ಕ್ಲಾಸಿನಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದೆ: “ನನ್ನದು ಒಂದೇ ಕ್ವೆಶ್ಚನ್, ಮಗಾ. ನೆಲ ನಡುಗಿದರೆ ಹೊರಗೆ. ನಿಮ್ಮ ಸೈರನ್ ಕೂಗಿದರೆ ಒಳಗೆ. ಎರಡೂ ಒಂದರ ಹಿಂದೊಂದು ಬಂದರೆ ಈ ಹುಡುಗಿ ಮಕ್ಕಳನ್ನು ಎಲ್ಲಿ ನಿಲ್ಲಿಸಬೇಕು?”

ಅವಳು ಕೂಡಲೇ ಉತ್ತರ ಕೊಡಲಿಲ್ಲ. ಅದಕ್ಕಾಗಿ ಇಂದಿಗೂ ನಾನು ಅವಳನ್ನು ಗೌರವಿಸುತ್ತೇನೆ. “ಎರಡೂ ಕೂಡೇ ಬಂದ್ರ ಏನು ಅನ್ನೂದನ್ನ ಸ್ಥಾವರದ ಒಳಗಿನ ಲೆಕ್ಕದಾಗ ಹಾಕೇವ್ರಿ, ಅಮ್ಮಾರ,” ಎಂದಳು ಕೊನೆಗೆ. “ಊರಿಗೆ ಹೇಳೂ ಮುಂದ ಎಲ್ಲಾರೂ ಸೇರಿ ಒಂದನ್ನಷ್ಟ ಹೇಳೇವಿ. ಇದು ಬರೋಬ್ಬರಿ ಪ್ರಶ್ನೆ.” ಆಮೇಲೆ ರೇಖಾಳ ಕಡೆ ತಿರುಗಿ, ಅಕ್ಕಪಕ್ಕದ ಮನೆಯವರು ಅಡುಗೆಯ ಹದ ಹೇಳಿಕೊಡುವಂತೆ ಹೇಳಿದಳು: ಅಲುಗುವಷ್ಟು ಹೊತ್ತು ಬಯಲಲ್ಲಿ, ನಿಂತ ಮೇಲೆ ಸೈರನ್ ಕೂಗಿದರೆ ಗಟ್ಟಿಯಾದ ಸ್ಲ್ಯಾಬಿನ ಕೋಣೆಗೆ, ಆದರೆ ಹೊಗುವ ಮುನ್ನ ಗೋಡೆಯನ್ನು, ಮೂಲೆಗಳನ್ನು, ಮಾಡನ್ನು ನೋಡಿಯೇ ಹೊಗಬೇಕು. “ನಾವೂ ಹಂಗ ಮಾಡೂದು,” ಎಂದಳು. ಹಂಚಿನ ಕಟ್ಟಡಕ್ಕೆ ಮಕ್ಕಳನ್ನು ಮತ್ತೆ ಕಳಿಸಬೇಡಿರೆಂದು ತಾನೇ ತಾಲೂಕಿಗೆ ಹೇಳುವೆನೆಂದಳು. ಹಾಲಿನ ಸೊಸಾಯಿಟಿಯವರ ಹೊಸ ಸ್ಲ್ಯಾಬಿನ ಕೋಣೆಯೊಂದು ಗದ್ದೆಯ ಬದಿಗೆ ಖಾಲಿಯಿತ್ತು; ಅದನ್ನು ಸದ್ಯಕ್ಕೆ ಅಂಗನವಾಡಿಗೆ ಬಿಡಬೇಕೆಂದು ಊರವರು ಗದ್ದಲವೆಬ್ಬಿಸಿ ಒಪ್ಪಿಸಿದರು. ಹೊಸ ಕಟ್ಟಡದ ಮಾತೂ ಬಂತು. ಬಂದ ಮಾತು ಕಟ್ಟಡವಾಗಲು ನಮ್ಮಲ್ಲಿ ಬೇಕಾಗುವ ಕಾಲ ನಿಮಗೂ ಗೊತ್ತು, ನನಗೂ ಗೊತ್ತು, ಕೇಳುತ್ತಲೇ ಇರುತ್ತೇವೆ.

ಕುರ್ಚಿಯ ಮೇಲಿನ ಕೀಲಿಕೈಯನ್ನು ಸುಮತಿ ಎತ್ತಿ ಸೊಸೆಯ ಮಡಿಲಿಗೆ ಹಾಕಿದಳು. “ಹಳೆ ಕೀಲಿ, ಹೊಸ ಬಾಗ್ಲಿಗೆ ಬರೂದಿಲ್ಲ. ಆದ್ರೂ ಇರ್ಲಿ, ನಿನ್ ಕೈ ಸುಮ್ನೆ ಕೂರೂದಿಲ್ಲ,” ಎಂದಳು. ರೇಖಾ ಆ ವಾರದಲ್ಲಿ ಮೊದಲ ಬಾರಿ ನಕ್ಕಿರಬೇಕು.

ಸುರಕ್ಷೆ ಎಂಬ ಸಂಸ್ಕೃತದ ಮಾತು ಫಲಕಗಳ ಮೇಲೆ ಚೆನ್ನಾಗಿ ಕಾಣುತ್ತದೆ. ಅದನ್ನು ನಾವು ನಿರ್ಭಯವೆಂದು ತಿಳಿದಿದ್ದೇವೆ, ಅಥವಾ ಯಾರೋ ದೊಡ್ಡವರು ಕೊಡುವ ಅಭಯವೆಂದು. ಎರಡೂ ಅಲ್ಲವೆಂದು ಈಗ ನನಗೆ ಖಚಿತವಾಗಿದೆ. ಸುರಕ್ಷೆಯೆಂದರೆ ಮೊದಲು ಯಾವುದು, ಅನಂತರ ಯಾವುದು ಎಂಬ ವಿವೇಕ. ಅದು ಗುಮ್ಮಟದೊಳಗಿನ ಎಂಜಿನಿಯರಿಗೆ ಎಷ್ಟು ಬೇಕೋ ಅಂಗನವಾಡಿಯ ಅಕ್ಕೋರಿಗೂ ಅಷ್ಟೇ ಬೇಕು. ಕೋಟಿ ಕೋಟಿ ಸುರಿದು ಯಂತ್ರದ ಸುತ್ತ ಕಟ್ಟಿದ ಗೋಡೆಯನ್ನು ನೆಲ ನಡುಗಿದರೆ ಹೇಗೆಂದು ಕೇಳಿ ಕೇಳಿ ಕಟ್ಟಿರುತ್ತಾರೆ. ಆ ಯಂತ್ರದ ನೆರೆಯ ಮಗುವಿನ ಸುತ್ತಲಿನ ಗೋಡೆಯನ್ನೂ ಅದೇ ಪ್ರಶ್ನೆ ಕೇಳಿ ಕಟ್ಟುವ ದಿನ, ನೊಗಲಿಯ ಮೈಮೇಲೆ ಯಾರೂ ಊರಿನ ಹೆಸರು ಹುಡುಕುವುದಿಲ್ಲ. ಇದನ್ನು ಕೇಳಲು ನಮಗೆ ಪರಮಾಣುವಿನ ಜ್ಞಾನ ಬೇಕಿಲ್ಲ. ಗೋಡೆ ಯಾವುದೆಂದು ತೋರಿಸುವ ಒಂದು ಬೆರಳು ಸಾಕು.

ಹೊಸ ಕೋಣೆಗೆ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಚಿನ್ನು ಮಾತ್ರ ಬರಲಿಲ್ಲ. ನಾಗವೇಣಿ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಗದ್ದೆಗೆ ಹೋಗುತ್ತಾಳೆಂದು ಸುಮತಿ ಫೋನಿನಲ್ಲಿ ಹೇಳುತ್ತಿದ್ದಳು. ರೇಖಾ ಪ್ರತಿದಿನ ಚಿನ್ನುವಿನ ತಟ್ಟೆಯನ್ನೂ ತೊಳೆದು ಸಾಲಿನಲ್ಲಿಡುತ್ತಾಳೆಂದೂ ಹೇಳುತ್ತಿದ್ದಳು.

ಮುಂದಿನ ಕವಾಯತಿಗೆ ನಾನೇ ಹೋಗಿದ್ದೆ, ಈ ವಯಸ್ಸಿನಲ್ಲಿ ಇನ್ನೊಂದು ಡ್ರಿಲ್ ಮಾಡದಿದ್ದರೆ ಹೇಗೆಂದು. ಈ ಸಲ ಮೊದಲು ಜೀಪಿನ ಮೈಕು ನೆಲ ನಡುಗುತ್ತಿದೆಯೆಂದು ಸಾರಿತು. ನಡುಗದ ನೆಲದ ಮೇಲೆ ನಾವೆಲ್ಲ ಗಂಭೀರವಾಗಿ ಬಯಲಿಗೆ ಬಂದು ನಿಂತೆವು. ಆಮೇಲೆ ಸೈರನ್ ಎದ್ದಿತು. ಮಕ್ಕಳು ಕೋಣೆಯ ಕಡೆ ನುಗ್ಗಿದವು. ಹಳೆಯ ಪಾಠ ಇನ್ನೂ ಕಾಲಿನಲ್ಲಿತ್ತು.

“ನಿಲ್ಲಿ,” ಎಂದಳು ರೇಖಾ. ಮಕ್ಕಳು ನಿಂತವು.

ಕಿತ್ತಳೆ ಜಾಕೀಟಿನವನೊಬ್ಬ ಕೈಗಡಿಯಾರ ನೋಡುತ್ತ, “ಅಕ್ಕೋರೇ, ಒಳಗೆ ಹೋಗಿ, ಟೈಮ್ ಹೋಗ್ತದೆ!” ಎಂದು ಕೂಗಿದ.

“ಹೋಗ್ಲಿ. ಗೋಡೆ ನೋಡ್ತೆ.”

ಅವಳು ಬಾಗಿಲ ಮೇಲಿನ ತೊಲೆ ನೋಡಿದಳು, ಕಿಟಕಿಯ ಮೂಲೆಗಳನ್ನು ನೋಡಿದಳು, ಕತ್ತೆತ್ತಿ ಸ್ಲ್ಯಾಬಿನ ಅಂಚು ನೋಡಿದಳು. ಕೋಣೆಯ ಹಿಂಬದಿಗೆ ಹೋಗಬೇಕೆಂದರೆ ಮಕ್ಕಳನ್ನು ಬಿಟ್ಟು ಹೋಗಬೇಕು. ಅವಳು ಒಂದು ಹೆಜ್ಜೆ ಇಟ್ಟಳು, ತಿರುಗಿ ಮಕ್ಕಳನ್ನು ನೋಡಿದಳು, ನಿಂತಳು. ಸೈರನ್ ಕೂಗುತ್ತಲೇ ಇತ್ತು. ನಾನೇ ಹೋಗಿ ನೋಡೋಣವೆಂದರೆ ನನ್ನ ಮೊಣಕಾಲು ಬ್ರಿಸ್ಕ್ ಆಗಿ ನಡೆಯುವ ಕಾಲ ಮುಗಿದಿದೆ.

ಗದ್ದೆಯ ಅಂಚಿನಲ್ಲಿ ಮಗಳನ್ನು ಸೊಂಟದಲ್ಲಿರಿಸಿಕೊಂಡು ತಮಾಷೆ ನೋಡುವವಳಂತೆ ನಿಂತಿದ್ದ ನಾಗವೇಣಿ, ಯಾರೂ ಹೇಳದೆ, ಕೋಣೆಯನ್ನು ಬಳಸಿ ಹಿಂದಕ್ಕೆ ಹೋದಳು. ಅವಳು ಕಾಣದಾದಳು. ಸ್ವಲ್ಪ ಹೊತ್ತು. ಅಲ್ಲಿಂದ ಸೈರನ್ನನ್ನೂ ಮೀರಿಸಿ ಅವಳ ಗಂಟಲು ಬಂತು.

“ಹಿಂದಿನ ಗೋಡೆ ಸರಿ ಅದೆ, ರೇಖಾ!”

ನಾವೆಲ್ಲ ಒಳಗೆ ಹೋದೆವು. ನಾನು ಒದ್ದೆ ಕರವಸ್ತ್ರ ಮೂಗಿಗೆ ಹಿಡಿದು ಪುಟಾಣಿಗಳ ನಡುವೆ ಚಾಪೆಯ ಮೇಲೆ ಕೂತೆ. ಕೊನೆಯಲ್ಲಿ ನಾಗವೇಣಿ ಬಂದಳು; ಚಿನ್ನುವನ್ನು ಸೊಂಟದಿಂದ ಇಳಿಸಿ ಸಾಲಿನಲ್ಲಿ ಕೂರಿಸಿದಳು. ರೇಖಾ ಕಿಟಕಿಗಳನ್ನು ಮುಚ್ಚುತ್ತಿದ್ದಳು. ಬಾಗಿಲನ್ನು ಎಳೆದು, ಮೇಲಿನ ಚಿಲಕವನ್ನೂ ಕೆಳಗಿನ ಚಿಲಕವನ್ನೂ ಹಾಕಿದವಳು ನಾಗವೇಣಿ.